‘ಒಂದೇ ಬಿಯರ್’ ಮತ್ತು 30ರ ಮಿತಿ: ಇಪ್ಪತ್ತರ ಮಗನ ಕೈಗೆ ಕಾರಿನ ಕೀಲಿ ಕೊಡುವ ಮುನ್ನ

ಪ್ರಶ್ನೆ: ನನ್ನ ಮಗನಿಗೆ 20 ವರ್ಷ, ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಹದಿನೆಂಟು ತುಂಬುತ್ತಲೇ ಡಿಎಲ್ ಮಾಡಿಸಿಕೊಟ್ಟೆವು. ಶನಿವಾರ ಸ್ನೇಹಿತರ ಜೊತೆ ಇಂದಿರಾನಗರ, ಕೋರಮಂಗಲದ ಕಡೆ ಹೋಗುವಾಗ ನಮ್ಮ ಕಾರನ್ನೇ ಒಯ್ಯುತ್ತಾನೆ. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಕುಡಿಯುವವನು ತಾನೇ, ಹಾಗಾಗಿ ಎಲ್ಲರನ್ನೂ ಮನೆಗೆ ಬಿಡುವ ಜವಾಬ್ದಾರಿಯೂ ತನ್ನದೇ ಎನ್ನುತ್ತಾನೆ. “ಒಂದೇ ಬಿಯರ್ ಅಪ್ಪ, 30ರ ಒಳಗೇ ಇರುತ್ತೆ, ಕಾನೂನೇ ಬಿಡುತ್ತೆ” ಎಂಬುದು ಅವನ ವಾದ. ಅಮೆರಿಕದಲ್ಲಿರುವ ನನ್ನ ಅಣ್ಣನ ಮಗನಿಗೂ ಇದೇ ವಯಸ್ಸು. ಅಲ್ಲಿ 21ರೊಳಗಿನವರು ಒಂದು ಗ್ಲಾಸ್ ಕುಡಿದು ಓಡಿಸಿದರೂ ಲೈಸೆನ್ಸ್ ಹೋಗುತ್ತದಂತೆ. ನಮ್ಮಲ್ಲಿ ಅಂಥ ನಿಯಮ ಇದೆಯೇ? ಇಲ್ಲದಿದ್ದರೆ ಮನೆಯಲ್ಲೇ ಮಾಡಬಹುದೇ? ಕಟ್ಟುನಿಟ್ಟು ಮಾಡಿದರೆ ಸುಳ್ಳು ಹೇಳಲು ಶುರುಮಾಡುತ್ತಾನೆ ಎಂಬುದು ನನ್ನ ಹೆಂಡತಿಯ ಭಯ. ಅವನ ಗೆಳೆಯನೊಬ್ಬ ಬರೀ ಕೆಮ್ಮಿನ ಸಿರಪ್ ಕುಡಿದಿದ್ದಕ್ಕೇ ಪೊಲೀಸರ ಕೈಗೆ ಸಿಕ್ಕಿಬಿದ್ದನಂತೆ. ಇದು ನಿಜವಿರಬಹುದೇ?
– ಒಬ್ಬ ತಂದೆ, ಬಸವೇಶ್ವರನಗರ, ಬೆಂಗಳೂರು

ಉತ್ತರ: ನಿಮ್ಮ ಮಗ ಬೇಜವಾಬ್ದಾರಿಯ ಹುಡುಗನಲ್ಲ ಎಂಬುದು ನಿಮ್ಮ ಪತ್ರದಿಂದಲೇ ತಿಳಿಯುತ್ತದೆ. ಅವನು ಲೆಕ್ಕ ಹಾಕುತ್ತಾನೆ, ನಿಮ್ಮೊಂದಿಗೆ ವಾದಿಸುತ್ತಾನೆ, ಗೆಳೆಯರನ್ನು ಮನೆ ಮುಟ್ಟಿಸುತ್ತಾನೆ. ತೊಂದರೆ ಇರುವುದು ಅವನ ಲೆಕ್ಕದಲ್ಲಿ. ಅಪಘಾತ ಚಿಕಿತ್ಸಾ ವಿಭಾಗದಲ್ಲಿ ರಾತ್ರಿ ಪಾಳಿ ಮಾಡುತ್ತಾ, ಪೊಲೀಸರು ಕರೆತಂದ ಚಾಲಕರ ವೈದ್ಯಕೀಯ ತಪಾಸಣೆ ಮಾಡುತ್ತಾ ಬಂದ ನನಗೆ, ವಿಪರೀತ ಕುಡಿದವರಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುವವರು ಈ ‘ಎಲ್ಲರಿಗಿಂತ ಕಡಿಮೆ ಕುಡಿದವರು’. ಕಾಲೆಳೆದುಕೊಂಡು ಬರುವವನ ಕೈಯಿಂದ ಸ್ನೇಹಿತರೇ ಕೀಲಿ ಕಿತ್ತುಕೊಳ್ಳುತ್ತಾರೆ. ನೆಟ್ಟಗೆ ನಿಂತು, ಸ್ಪಷ್ಟವಾಗಿ ಮಾತಾಡುವವನ ಕೈಗೆ ಅದೇ ಕೀಲಿಯನ್ನು ಅವರೇ ಒಪ್ಪಿಸುತ್ತಾರೆ.

ಮೊದಲು ಕಾನೂನಿನ ಸಂಗತಿ. ನಮ್ಮ ದೇಶದಲ್ಲಿ ಯುವ ಚಾಲಕರಿಗೆಂದು ಬೇರೆ ಮಿತಿ ಇಲ್ಲ. ಮೋಟಾರು ವಾಹನ ಕಾಯ್ದೆ, 1988ರ 185ನೇ ಕಲಮಿನ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಓಡಿಸಿದರೆ ಅದು ಅಪರಾಧ. ಇಪ್ಪತ್ತರ ಹುಡುಗನಿಗೂ ಐವತ್ತರ ಗೃಹಸ್ಥನಿಗೂ ಇದೇ ಅಂಕಿ. 2019ರ ತಿದ್ದುಪಡಿಯ ನಂತರ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಇವೆ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಸೆರೆವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಅಷ್ಟಲ್ಲದೆ, ನಿಮ್ಮ ಮಗ ಮರೆತಿರುವ ಇನ್ನೊಂದು ಸಂಗತಿಯಿದೆ. ಕರ್ನಾಟಕದ ಅಬಕಾರಿ ಕಾಯ್ದೆ 18 ವರ್ಷದೊಳಗಿನವರಿಗೆ ಮದ್ಯ ಮಾರಬಾರದು ಎಂದಷ್ಟೇ ಹೇಳಿದರೂ, 1967ರ ಪರವಾನಗಿ ನಿಯಮಗಳು 21 ತುಂಬದವರಿಗೆ ಮದ್ಯ ಮಾರುವಂತಿಲ್ಲ ಎನ್ನುತ್ತವೆ. 2023ರಲ್ಲಿ ಇದನ್ನು 18ಕ್ಕೆ ಇಳಿಸುವ ಕರಡು ಹೊರಟಿತ್ತು, ವಿರೋಧ ಬಂದ ಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು. ಅಂದರೆ ಅವನು ‘ಕಾನೂನೇ ಬಿಡುತ್ತೆ’ ಎನ್ನುವ ಆ ಬಿಯರನ್ನು ಅವನ ಮೇಜಿಗೆ ತಂದಿಡುವುದೇ ನಿಯಮಕ್ಕೆ ವಿರುದ್ಧ. ಶನಿವಾರ ರಾತ್ರಿ ಈ ನಿಯಮವನ್ನು ಎಷ್ಟು ಪಬ್‌ಗಳು ಪಾಲಿಸುತ್ತವೆ ಎಂಬುದನ್ನು ಬೆಂಗಳೂರಿನವರಾದ ನಿಮಗೆ ನಾನು ಹೇಳಬೇಕಿಲ್ಲ.

ನಿಮ್ಮ ಅಣ್ಣನ ಮಗ ಹೇಳಿದ್ದು ಬಹುಮಟ್ಟಿಗೆ ಸರಿ. ಅಮೆರಿಕದಲ್ಲಿ 1995ರ ಹೆದ್ದಾರಿ ಕಾನೂನಿನ ಮೂಲಕ ಕೇಂದ್ರ ಸರ್ಕಾರವು 21ರೊಳಗಿನ ಚಾಲಕರಿಗೆ ಮಿತಿಯನ್ನು ನಮ್ಮ ಅಳತೆಯ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಡುವಂತೆ ರಾಜ್ಯಗಳನ್ನು ಕಟ್ಟಿಹಾಕಿತು. ಹಾಗೆ ಮಾಡದ ರಾಜ್ಯಕ್ಕೆ ಹೆದ್ದಾರಿ ಅನುದಾನ ಕಡಿತವಾಗುತ್ತಿದ್ದ ಕಾರಣ, 1998ರ ಹೊತ್ತಿಗೆ ಎಲ್ಲ ರಾಜ್ಯಗಳೂ ಒಪ್ಪಿಕೊಂಡಿದ್ದವು. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ವಯಸ್ಕರ ಮಿತಿ 80 ಎಂಬುದನ್ನು ಗಮನಿಸಿದರೆ ಅಂತರ ಎಷ್ಟೆಂದು ತಿಳಿಯುತ್ತದೆ. ಜರ್ಮನಿಯು 2007ರ ಆಗಸ್ಟ್‌ನಿಂದ 21ರೊಳಗಿನವರಿಗೂ, ಹೊಸದಾಗಿ ಪರವಾನಗಿ ಪಡೆದು ಎರಡು ವರ್ಷದ ಪರೀಕ್ಷಾರ್ಥ ಅವಧಿಯಲ್ಲಿ ಇರುವವರಿಗೂ ಪೂರ್ತಿ ಶೂನ್ಯವನ್ನೇ ವಿಧಿಸಿದೆ. ಈ ಎರಡನೆಯ ಭಾಗ ನನಗೆ ಹೆಚ್ಚು ಅರ್ಥಪೂರ್ಣವಾಗಿ ಕಾಣುತ್ತದೆ, ಏಕೆಂದರೆ ಮೂವತ್ತೈದರಲ್ಲಿ ಸ್ಟಿಯರಿಂಗ್ ಹಿಡಿದವನೂ ಮೊದಲೆರಡು ವರ್ಷ ಎಳಸೇ. ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ 50, ಯುವಕರಿಗೆ ಮತ್ತು ಹೊಸಬರಿಗೆ 20 ಎಂದು ಸಲಹೆ ಮಾಡುತ್ತದೆ. ನಮ್ಮ 30 ಈ ಎರಡರ ನಡುವೆ ಇದೆ. ವಯಸ್ಕರಿಗೆ ಅದು ಬಿಗಿಯಾದ ಮಿತಿ, ನಿಮ್ಮ ಮಗನಂಥವರಿಗೆ ಸಡಿಲ.

ಒಂದೇ ಪ್ರಮಾಣದ ಮದ್ಯ ಇಪ್ಪತ್ತರವನಿಗೆ ಏಕೆ ಹೆಚ್ಚು ಅಪಾಯಕಾರಿ? ‘ಅವರಿಗೆ ಬೇಗ ಏರುತ್ತದೆ’ ಎಂಬ ಸಾಮಾನ್ಯ ನಂಬಿಕೆ ಇದಕ್ಕೆ ಉತ್ತರವಲ್ಲ. ಅವರ ಯಕೃತ್ತು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮದ್ಯಸಾರ ಮೊದಲು ಕೆಡಿಸುವುದು ಕಾಲಿನ ಸಮತೋಲನವನ್ನಲ್ಲ, ಏಕಕಾಲಕ್ಕೆ ಎರಡು ಮೂರು ಕಡೆ ಗಮನ ಹಂಚುವ ಶಕ್ತಿಯನ್ನು. ಇದು ರಕ್ತದ ಮಟ್ಟ 20ರ ಆಸುಪಾಸಿಗೆ ಬಂದಾಗಲೇ ಶುರುವಾಗುತ್ತದೆ. ಅನುಭವಿ ಚಾಲಕನಿಗೆ ಕ್ಲಚ್, ಗೇರು, ಕನ್ನಡಿ ನೋಡುವುದು ಎಲ್ಲವೂ ಯೋಚನೆಯಿಲ್ಲದೆ ನಡೆದುಹೋಗುವುದರಿಂದ ಅವನ ಗಮನದಲ್ಲಿ ಒಂದಷ್ಟು ಉಳಿಕೆ ಇರುತ್ತದೆ. ಹೊಸಬನು ಅದಕ್ಕೆಲ್ಲ ಇನ್ನೂ ಗಮನ ಖರ್ಚು ಮಾಡುತ್ತಿರುತ್ತಾನೆ, ಹೀಗಾಗಿ ಅವನಿಗೆ ಕಳೆದುಕೊಳ್ಳಲು ಹೆಚ್ಚೇನೂ ಉಳಿದಿರುವುದಿಲ್ಲ. ದುಡುಕನ್ನು ತಡೆಯುವ ಮಿದುಳಿನ ಮುಂಭಾಗವು ಪೂರ್ತಿ ಬಲಿಯುವುದು ಇಪ್ಪತ್ತೈದರ ಹೊತ್ತಿಗೆ. ಇದರ ಮೇಲೆ ರಾತ್ರಿ ಹನ್ನೆರಡರ ನಿದ್ದೆ, ಹಿಂದಿನ ಸೀಟಿನಲ್ಲಿ ಮೂವರು ಗೆಳೆಯರ ಗದ್ದಲ ಮತ್ತು ಖಾಲಿ ಕಾಣುವ ರಸ್ತೆ ಸೇರಿಕೊಳ್ಳುತ್ತವೆ.

ತಪಾಸಣೆಯಲ್ಲಿ ಇದು ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ಹುಡುಗನನ್ನು ನಿಲ್ಲಿಸಿ, ತಲೆ ಅಲ್ಲಾಡಿಸದೆ ನನ್ನ ಪೆನ್ನಿನ ತುದಿಯನ್ನೇ ಕಣ್ಣಿನಿಂದ ಹಿಂಬಾಲಿಸಲು ಹೇಳುತ್ತೇನೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಕಾಲ್ಬೆರಳು ತಾಗಿಸಿ ಗೆರೆಯ ಮೇಲೆ ನಡೆಯುವುದರಲ್ಲಿ ಹಲವರು ಪಾಸಾಗುತ್ತಾರೆ, ಮಾತೂ ತೊದಲುವುದಿಲ್ಲ. ಆದರೆ ಪೆನ್ನು ಬದಿಗೆ ಸರಿದಂತೆ ಕಣ್ಣುಗುಡ್ಡೆ ನಯವಾಗಿ ಜಾರುವ ಬದಲು ಚಿಕ್ಕ ಚಿಕ್ಕ ಜಿಗಿತಗಳಲ್ಲಿ ಹೋಗುತ್ತದೆ. ಅದು ಅವನಿಗೆ ಗೊತ್ತಾಗುವುದಿಲ್ಲ, ತಡೆಯಲೂ ಆಗುವುದಿಲ್ಲ. ಅದೇ ಹೊತ್ತಿಗೆ ನೂರರಿಂದ ಏಳೇಳು ಕಳೆಯುತ್ತಾ ಹೋಗು ಎಂದರೆ ಪೆನ್ನನ್ನೋ ಲೆಕ್ಕವನ್ನೋ ಒಂದನ್ನು ಬಿಟ್ಟುಬಿಡುತ್ತಾನೆ. ರಸ್ತೆಯಲ್ಲಿ ಹೀಗೆ ಬಿಟ್ಟುಹೋಗುವುದು ಎಡಗಡೆಯಿಂದ ನುಗ್ಗಿದ ಸ್ಕೂಟರು ಅಥವಾ ಡಿವೈಡರ್ ಸಂದಿಯಿಂದ ದಾಟುವ ಪಾದಚಾರಿ.

ಈಗ ‘ಒಂದೇ ಬಿಯರ್’ ವಿಚಾರಕ್ಕೆ ಬರೋಣ. ಯಾವ ಬಿಯರ್, ಎಷ್ಟು ದೊಡ್ಡದು ಎಂಬುದರ ಮೇಲೆ ಎಲ್ಲವೂ ನಿಂತಿದೆ. 330 ಮಿಲಿಯ ಪೈಂಟ್‌ನಲ್ಲಿ ಶೇ 5ರ ಸಾಧಾರಣ ಬಿಯರ್ ಇದ್ದರೆ ಅದರಲ್ಲಿ ಸುಮಾರು 13 ಗ್ರಾಂ ಶುದ್ಧ ಮದ್ಯಸಾರ ಇರುತ್ತದೆ. 650 ಮಿಲಿಯ ದೊಡ್ಡ ಬಾಟಲಿಯಲ್ಲಿ ಶೇ 8ರವರೆಗಿನ ಸ್ಟ್ರಾಂಗ್ ಬಿಯರ್ ಇದ್ದರೆ 41 ಗ್ರಾಂವರೆಗೆ ಇರುತ್ತದೆ. ಎರಡನ್ನೂ ಜನ ‘ಒಂದು ಬಿಯರ್’ ಎಂದೇ ಎಣಿಸುತ್ತಾರೆ. 65 ಕೆ.ಜಿ. ತೂಕದ ಗಂಡುಹುಡುಗ ಖಾಲಿ ಹೊಟ್ಟೆಯಲ್ಲಿ ಆ ಪೈಂಟನ್ನು ಬೇಗನೆ ಮುಗಿಸಿದರೆ ರಕ್ತದ ಮಟ್ಟ 30ರ ಹೊಸ್ತಿಲಿಗೆ ಬರಬಹುದು. ಸ್ಟ್ರಾಂಗ್ ಬಾಟಲಿಯನ್ನು ಒಂದು ಗಂಟೆಯಲ್ಲಿ ಮುಗಿಸಿದರೆ 30ರ ಎರಡು ಪಟ್ಟನ್ನೂ ಮೀರುತ್ತದೆ. ಅದೇ ಪೈಂಟನ್ನು 50 ಕೆ.ಜಿ. ತೂಕದ ಹುಡುಗಿ ಕುಡಿದರೆ ಅವಳ ಮಟ್ಟ 40 ದಾಟಬಹುದು, ಏಕೆಂದರೆ ಹೆಣ್ಣಿನ ದೇಹದಲ್ಲಿ ಮದ್ಯಸಾರ ಹರಡಿಕೊಳ್ಳುವ ನೀರಿನ ಪಾಲು ಕಡಿಮೆ. ವಿಸ್ಕಿ, ರಮ್‌ನ 60 ಮಿಲಿಯ ಲಾರ್ಜ್ ಪೆಗ್‌ನಲ್ಲಿ ಸುಮಾರು 20 ಗ್ರಾಂ ಇರುತ್ತದೆ, ಬಾರ್‌ನವರು ಅಳತೆ ಹಾಕಿ ಕೊಟ್ಟರೆ ಮಾತ್ರ. ಯಾರದ್ದೋ ಪಿಜಿ ರೂಮಿನಲ್ಲಿ ಸ್ಟೀಲ್ ಲೋಟಕ್ಕೆ ಸುರಿದ ‘ಒಂದು ಪೆಗ್’ ಎಷ್ಟೆಂದು ತಿಳಿಯಬೇಕಿದ್ದರೆ, ಅವನ ಕೈಯಲ್ಲೇ ಅಷ್ಟು ನೀರು ಸುರಿಸಿ, ಸಿರಪ್ ಬಾಟಲಿಯ ಮುಚ್ಚಳದಲ್ಲಿ ಅಳೆದು ನೋಡಿ. ನೈಂಟಿಯ, ಅಂದರೆ 90 ಮಿಲಿಯ ಹತ್ತಿರ ಬಂದರೆ ಆಶ್ಚರ್ಯಪಡಬೇಡಿ.

ಇನ್ನೊಂದು ತೊಡಕು ಸಮಯದ್ದು. ಕುಡಿದ ಮದ್ಯ ರಕ್ತದಲ್ಲಿ ಗರಿಷ್ಠ ಮಟ್ಟ ಮುಟ್ಟಲು ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಬೇಕು. ‘ಈಗ ಚೆನ್ನಾಗಿಯೇ ಇದ್ದೇನೆ’ ಎಂದು ಕೊನೆಯ ಗುಟುಕು ಮುಗಿಸಿ ಹೊರಟವನ ಮಟ್ಟ ದೊಮ್ಮಲೂರು ದಾಟುವಾಗ ಇನ್ನೂ ಏರುತ್ತಿರಬಹುದು. ಇಳಿಯುವುದು ಮಾತ್ರ ಬಲು ನಿಧಾನ, ಗಂಟೆಗೆ ಸುಮಾರು 15 ಮಿಲಿಗ್ರಾಂನಷ್ಟು. ಕಾಫಿ, ನಿಂಬೆರಸ, ಮಜ್ಜಿಗೆ, ತಣ್ಣೀರು ಸ್ನಾನ, ವಾಂತಿ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಕಾಫಿ ಕುಡಿದವನು ಎಚ್ಚರವಾಗಿರುವ ಪಾನಮತ್ತ ಅಷ್ಟೆ. ಮೊದಲೇ ಹೊಟ್ಟೆ ತುಂಬ ಊಟ ಮಾಡಿದ್ದರೆ ಏರಿಕೆ ನಿಧಾನವಾಗುತ್ತದೆ, ಗರಿಷ್ಠ ಮಟ್ಟವೂ ತುಸು ತಗ್ಗುತ್ತದೆ ಎಂಬುದು ನಿಜ. ಆದರೆ ಅದನ್ನು ಲೆಕ್ಕಕ್ಕೆ ಹಿಡಿಯುವಷ್ಟು ನಿಖರವಾಗಿ ಯಾರೂ ಊಹಿಸಲಾರರು. ಏಲಕ್ಕಿ, ಬೀಡಾ ಜಗಿದರೆ ವಾಸನೆ ಮರೆಯಾಗಬಹುದು. ಪೊಲೀಸರು ಊದಿಸುವ ಯಂತ್ರ, ಅಂದರೆ ಆಲ್ಕೋಮೀಟರ್, ಹುಡುಕುವುದು ವಾಸನೆಯನ್ನಲ್ಲ, ಶ್ವಾಸಕೋಶದ ಆಳದಿಂದ ಬರುವ ಮದ್ಯಸಾರವನ್ನು.

ಈ ನಿಧಾನದ ಇಳಿಕೆಯಿಂದಾಗಿಯೇ ನಮ್ಮೂರಿನ ನಂದಿ ಬೆಟ್ಟದ ಪ್ರಯಾಣ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡುತ್ತದೆ. ರಾತ್ರಿ ಒಂಬತ್ತರಿಂದ ಹನ್ನೆರಡರವರೆಗೆ ಎರಡು ದೊಡ್ಡ ಸ್ಟ್ರಾಂಗ್ ಬಿಯರ್ ಕುಡಿದು, ಯಾರದ್ದೋ ಮನೆಯಲ್ಲಿ ಎರಡು ಮೂರು ಗಂಟೆ ಮಲಗಿ, ಸೂರ್ಯೋದಯ ನೋಡಲು ನಾಲ್ಕೂವರೆಗೆ ಬಳ್ಳಾರಿ ರಸ್ತೆ ಹಿಡಿಯುವ ಹುಡುಗರಿದ್ದಾರೆ. ನಿದ್ದೆ ಮಾಡಿದ್ದೇವಲ್ಲ, ಇಳಿದುಹೋಗಿರುತ್ತದೆ ಎಂಬುದು ಅವರ ನಂಬಿಕೆ. ಅದೇ 65 ಕೆ.ಜಿ.ಯ ಹುಡುಗನ ಲೆಕ್ಕ ಹಿಡಿದರೆ ನಾಲ್ಕೂವರೆಗೂ ಅವನ ರಕ್ತದಲ್ಲಿ ಸುಮಾರು 70 ಉಳಿದಿರುತ್ತದೆ, ಅಂದರೆ ಮಿತಿಯ ಎರಡು ಪಟ್ಟಿಗೂ ಹೆಚ್ಚು. ಜೊತೆಗೆ ಅರೆನಿದ್ದೆ, ವೇಗದ ಹೆದ್ದಾರಿ, ಆಮೇಲೆ ಬೆಟ್ಟದ ತಿರುವುಗಳು. ನಿಮ್ಮ ಮಗ ಶನಿವಾರ ರಾತ್ರಿಯ ಬಗ್ಗೆ ಏನೇ ಒಪ್ಪಿಕೊಳ್ಳಲಿ, ಭಾನುವಾರದ ಬೆಳಗನ್ನೂ ಆ ಮಾತಿನೊಳಗೆ ಸೇರಿಸಿ.

ಕೆಮ್ಮಿನ ಸಿರಪ್ಪಿನ ಕಥೆಯಲ್ಲಿ ಸ್ವಲ್ಪ ಸತ್ಯವಿದೆ. ಕೆಲವು ಸಿರಪ್‌ಗಳಲ್ಲಿ, ಹೋಮಿಯೋಪತಿ ಹನಿಗಳಲ್ಲಿ, ಬಾಯಿ ಮುಕ್ಕಳಿಸುವ ದ್ರವಗಳಲ್ಲಿ ಮದ್ಯಸಾರ ಇರುತ್ತದೆ. ಬಾಯಿಗೆ ಹಾಕಿಕೊಂಡ ಕೂಡಲೇ ಊದಿದರೆ ಯಂತ್ರ ದೊಡ್ಡ ಅಂಕಿಯನ್ನೇ ತೋರಿಸಬಹುದು. ಆದರೆ ಅದು ಬಾಯಿಯ ಪಸೆಯಲ್ಲಿ ಉಳಿದದ್ದು, 15ರಿಂದ 20 ನಿಮಿಷದಲ್ಲಿ ಹೋಗಿಬಿಡುತ್ತದೆ. ಆದ್ದರಿಂದ ನಿಜವಾಗಿಯೂ ಔಷಧಿ ಮಾತ್ರ ಸೇವಿಸಿದವನು ಅದನ್ನು ತಕ್ಷಣ ತಿಳಿಸಿ, ನೀರಿನಲ್ಲಿ ಬಾಯಿ ತೊಳೆದು, ಇಪ್ಪತ್ತು ನಿಮಿಷ ಬಿಟ್ಟು ಹೊಸ ನಳಿಕೆಯಲ್ಲಿ ಮತ್ತೊಮ್ಮೆ ಊದಿಸಿಕೊಳ್ಳಿ ಎಂದು ವಿನಯದಿಂದ ಕೇಳಬೇಕು. ಆಗಲೂ ಒಪ್ಪದಿದ್ದರೆ ರಕ್ತಪರೀಕ್ಷೆಗೆ ಮನವಿ ಮಾಡಬೇಕು. ಎರಡನೇ ಸಲವೂ ಅಂಕಿ ಅಲ್ಲೇ ನಿಂತರೆ ಅದು ಸಿರಪ್ ಅಲ್ಲ. ನಿಮ್ಮ ಮಗನ ಗೆಳೆಯ ಎರಡನೇ ಸಲ ಊದಿದ್ದನೇ ಎಂದು ಕೇಳಿ ನೋಡಿ. ಇನ್ನು, ಊದುವುದಿಲ್ಲ ಎಂದು ಹಟ ಹಿಡಿಯುವುದು ಜಾಣತನವಲ್ಲ. ಅನುಮಾನಕ್ಕೆ ಕಾರಣವಿದ್ದರೆ ವಾರಂಟ್ ಇಲ್ಲದೆಯೇ ಬಂಧಿಸಲು ಕಾಯ್ದೆ ಅವಕಾಶ ಕೊಡುತ್ತದೆ, ಸಕಾರಣವಿಲ್ಲದ ನಿರಾಕರಣೆಯನ್ನು ನ್ಯಾಯಾಲಯದಲ್ಲಿ ಅವನ ವಿರುದ್ಧವೇ ಬಳಸಬಹುದು.

ಹಾಗಾದರೆ ಮನೆಯಲ್ಲಿ ಏನು ಮಾಡುವುದು? ಕಾರು ಮುಟ್ಟಬೇಡ ಎಂದು ಕೀಲಿ ಕಿತ್ತಿಟ್ಟುಕೊಳ್ಳುವುದು ಸುಲಭದ ದಾರಿ. ಆದರೆ ಅದರಿಂದ ಹುಡುಗ ಮನೆಯಲ್ಲಿ ಕೂರುವುದಿಲ್ಲ, ಗೆಳೆಯನ ಬೈಕಿನ ಹಿಂದೆ ಕೂರುತ್ತಾನೆ. ಆ ಗೆಳೆಯನೂ ಕುಡಿದಿರುತ್ತಾನೆ, ಹಿಂದೆ ಕೂತವನಿಗೆ ಹೆಲ್ಮೆಟ್ ಇರುವುದು ಅನುಮಾನ. ನಮ್ಮ ವಾರ್ಡಿಗೆ ಬರುವ ತಲೆಗಾಯದ ಹುಡುಗರಲ್ಲಿ ಹಿಂಬದಿ ಸವಾರರು ಕಡಿಮೆಯೇನಿಲ್ಲ. ಕುಡಿಯಲೇಬೇಡ ಎಂಬ ನಿಯಮ ನಿಮ್ಮ ಮನೆಯ ನಂಬಿಕೆಗೆ ಸೇರಿದ್ದಾದರೆ ಅದನ್ನು ನೇರವಾಗಿ ಹೇಳಲು ಹಿಂಜರಿಯಬೇಡಿ. ಅವನ ವಯಸ್ಸಿಗೆ ರಾಜ್ಯದ ನಿಯಮವೂ ನಿಮ್ಮ ಕಡೆಗೇ ಇದೆ. ಆದರೆ ಕುಡಿಯುವ ವಿಚಾರ ಮತ್ತು ಓಡಿಸುವ ವಿಚಾರ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ, ಮೊದಲನೆಯದನ್ನು ಮುರಿದವನು ಎರಡನೆಯದನ್ನು ಮುಚ್ಚಿಡುತ್ತಾನೆ. ನಿಮ್ಮ ಶ್ರೀಮತಿಯವರ ಭಯಕ್ಕೆ ಆಧಾರವಿದೆ ಎನ್ನುವುದು ಇದಕ್ಕಾಗಿಯೇ.

ನನ್ನ ಸಲಹೆ ಇಷ್ಟು. ಓಡಿಸುವುದಾದರೆ ಶೂನ್ಯ, ಅರ್ಧ ಗ್ಲಾಸೂ ಇಲ್ಲ. ಇದರಲ್ಲಿ ಚೌಕಾಸಿಯಿಲ್ಲ, ಏಕೆಂದರೆ ಮೇಜಿನ ಮುಂದೆ ಕೂತು ತಪ್ಪಿಲ್ಲದೆ ಲೆಕ್ಕ ಹಾಕಬಹುದಾದ ಏಕೈಕ ಅಂಕಿ ಅದು. ಈ ನಿಯಮದ ಎದುರು ನೀವೂ ಒಂದು ಮಾತು ಕೊಡಬೇಕು: ಕುಡಿದಿದ್ದೇನೆ, ಬಂದು ಕರೆದುಕೊಂಡು ಹೋಗಿ ಎಂದು ರಾತ್ರಿ ಒಂದಕ್ಕೆ ಫೋನ್ ಬಂದರೆ ಆ ರಾತ್ರಿ ಬೈಗುಳವಿಲ್ಲ, ಪ್ರಶ್ನೆಯಿಲ್ಲ. ಏನಿದ್ದರೂ ಮರುದಿನ ತಿಂಡಿಯ ನಂತರ. ಇದರಲ್ಲೂ ಅಪಾಯವಿದೆ, ಅಪ್ಪ ಇದ್ದಾನಲ್ಲ ಎಂದು ಕೆಲವರು ಹೆಚ್ಚು ಕುಡಿಯಬಹುದು. ಪ್ರತಿ ವಾರ ಫೋನ್ ಬರತೊಡಗಿದರೆ ಅದು ಚಾಲನೆಯ ಪ್ರಶ್ನೆಯಲ್ಲ, ಕುಡಿತದ ಪ್ರಶ್ನೆ. ಅದಕ್ಕೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗವಿದೆ, ಮೊದಲು ಮಾತಾಡಿ ನೋಡಲು 14416ರ ಟೆಲಿ ಮಾನಸ್ ಸಹಾಯವಾಣಿ ಇದೆ. ಮೆಟ್ರೊ ಸೇವೆ ಸಾಮಾನ್ಯ ದಿನಗಳಲ್ಲಿ ಹನ್ನೊಂದರ ಸುಮಾರಿಗೆ ಮುಗಿಯುತ್ತದೆ, ಪಬ್‌ಗಳು ಒಂದರವರೆಗೆ ತೆರೆದಿರುತ್ತವೆ. ಈ ಎರಡು ಗಂಟೆಗಳ ಅಂತರದಲ್ಲಿ ಆಟೊ, ಕ್ಯಾಬ್ ದುಬಾರಿಯಾಗುವುದರಿಂದಲೇ ಹುಡುಗರು ಗಾಡಿ ತರುತ್ತಾರೆ. ಹಾಗಾಗಿ ಆ ಕ್ಯಾಬಿನ ಬಾಡಿಗೆಯನ್ನು ನೀವು ಕೊಡುವುದಾಗಿ ಮೊದಲೇ ಹೇಳಿಡಿ. ಗಂಟೆ ಲೆಕ್ಕದಲ್ಲಿ ಡ್ರೈವರ್ ಸಿಗುವ ಊರು ನಮ್ಮದು, ಕಾರೇ ಬೇಕೆಂದರೆ ನಾಲ್ವರು ಹಂಚಿಕೊಂಡರೆ ಅದೂ ಭಾರವಲ್ಲ. ಗುಂಪಿನಲ್ಲಿ ಸರದಿ ಮಾಡಿಕೊಳ್ಳುವುದಾದರೆ ಆ ರಾತ್ರಿ ಓಡಿಸುವವನು ಯಾರೆಂದು ಹೊರಡುವ ಮುನ್ನವೇ ತೀರ್ಮಾನವಾಗಬೇಕು. ಬಿಲ್ ಬಂದ ಮೇಲೆ ಯಾರು ಕಡಿಮೆ ಕುಡಿದಿದ್ದಾರೆ ಎಂದು ಹುಡುಕುವುದು ಸರದಿಯಲ್ಲ.

ಮಿನಿ ಆಲ್ಕೋಮೀಟರ್ ಕೊಂಡು ಮಗನ ಕೈಗೆ ಕೊಡಬಹುದೇ ಎಂದು ಕೆಲವು ಪೋಷಕರು ಕೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ಅಗ್ಗದ ಯಂತ್ರಗಳ ಅಳತೆ ನಂಬುವಂತಿರುವುದಿಲ್ಲ, ಮೇಲಾಗಿ ಅದು 30ರವರೆಗೆ ಕುಡಿಯುವ ಆಟವಾಗಿಬಿಡುತ್ತದೆ.

ದಂಡ ಕಟ್ಟಿದರೆ ಮುಗಿಯಿತು ಎಂಬ ಭಾವನೆಯೂ ಅವನಲ್ಲಿ ಇರಬಹುದು. ಇದು ಹೆಲ್ಮೆಟ್ ದಂಡದಂತೆ ರಸ್ತೆಯಲ್ಲೇ ಮುಗಿಯುವ ಪ್ರಕರಣವಲ್ಲ. ನ್ಯಾಯಾಲಯಕ್ಕೆ ಹಾಜರಾಗಬೇಕು, ಡಿಎಲ್ ಅಮಾನತಿಗೆ ಶಿಫಾರಸು ಹೋಗುತ್ತದೆ, ಮುಂದೆ ವಿದೇಶದ ವೀಸಾ ಅರ್ಜಿಯಲ್ಲಿ ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆಗೆ ಹೌದು ಎನ್ನಬೇಕಾಗುತ್ತದೆ. ಕುಡಿದು ಓಡಿಸುವಾಗ ಆದ ನಿಮ್ಮ ಕಾರಿನ ಹಾನಿಗೆ ವಿಮೆ ಸಿಗುವುದಿಲ್ಲ. ಯಾರಾದರೂ ಸತ್ತರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ನಿರ್ಲಕ್ಷ್ಯದ ಸಾವಿಗೆ 5 ವರ್ಷದವರೆಗೆ ಶಿಕ್ಷೆ ಇದೆ. 2006ರಲ್ಲಿ ಮುಂಬಯಿಯ ಕಾರ್ಟರ್ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಏಳು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಅದನ್ನು ಬರೀ ನಿರ್ಲಕ್ಷ್ಯವೆಂದು ಒಪ್ಪದೆ, ಕೊಲೆಯಲ್ಲದ ಮಾನವ ಹತ್ಯೆಯ ಅಪರಾಧವನ್ನೇ ಎತ್ತಿಹಿಡಿಯಿತು. ಮಗ ಕುಡಿದಿದ್ದಾನೆಂದು ಗೊತ್ತಿದ್ದೂ ಕೀಲಿ ಕೊಟ್ಟರೆ 188ನೇ ಕಲಮಿನ ಪ್ರಕಾರ ನೀವೂ ಅದೇ ಶಿಕ್ಷೆಗೆ ಗುರಿಯಾಗಬಹುದು.

ಒಂದು ವೇಳೆ ಅವನು ತಪಾಸಣೆಯಲ್ಲಿ ಸಿಕ್ಕಿಬಿದ್ದರೆ, ‘ಗೊತ್ತಿರುವವರ’ ಮೂಲಕ ಮುಗಿಸಲು ಹೊರಡಬೇಡಿ. ಯಂತ್ರದಿಂದ ಬಂದ ಚೀಟಿಯಲ್ಲಿ ಸಮಯ ಮತ್ತು ಅಂಕಿ ಸರಿಯಾಗಿವೆಯೇ ನೋಡಿ ಒಂದು ಪ್ರತಿ ಕೇಳಿ ಪಡೆಯಲಿ. ವಾಹನಕ್ಕೆ, ಡಿಎಲ್‌ಗೆ ಕೊಟ್ಟ ರಸೀದಿ ಇಟ್ಟುಕೊಳ್ಳಲಿ. ಮನೆಗೆ ಆಟೊದಲ್ಲಿ ಬರಲಿ. ಹೇಳಿದ ದಿನ ನ್ಯಾಯಾಲಯದ ಕಟಕಟೆಯಲ್ಲಿ ಅವನೇ ನಿಲ್ಲಲಿ, ನೀವು ಜೊತೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತರೆ ಸಾಕು.